ತಲೆಕೆಳಗಾಗಿ ಕಂಡ ಹಿತ್ತಲು

ನಾನು ಚಿಕ್ಕವನಿದ್ದಾಗಿನಿಂದಲೂ ನನಗೆ ಹೇಸಿಗೆ ಜಾಸ್ತಿ. ಮೊಮ್ಮಕ್ಕಳೇ, ನೀವು ಒಂದೇ ಬಾಟಲಿಗೆ ಒಬ್ಬರಾದ ಮೇಲೊಬ್ಬರು ಬಾಯಿ ಹಚ್ಚಿ ನೀರು ಕುಡಿಯುವಾಗ ನಾನು ಮುಖ ತಿರುಗಿಸಿದರೆ ನಗುತ್ತೀರಲ್ಲ, ಅದು ಮುದಿತನದಲ್ಲಿ ಬಂದದ್ದಲ್ಲ, ಹುಟ್ಟುಗುಣ. ಬೇರೆಯವರ ತಾಟಿನಲ್ಲಿ ಒಣಗಿದ ಅನ್ನದ ಅಗುಳು ಕಂಡರೆ, ಒದ್ದೆ ಬಟ್ಟೆಯ ಮುಗ್ಗಲು ವಾಸನೆ ಬಂದರೆ, ಚಹಾದಲ್ಲಿ ಬಿದ್ದ ನೊಣವನ್ನು ಬೆರಳಿನಿಂದ ತೆಗೆದೆಸೆದು ಯಾರಾದರೂ ಅದೇ ಚಹಾ ಕುಡಿದರೆ, ನನ್ನ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬರುತ್ತಿತ್ತು. "ಇವಂಗ ಮೂಗಿನ ಮ್ಯಾಲ ಹೇಸಿಗಿ" ಎಂದು ಅವ್ವ ಬೈಯುತ್ತಿದ್ದಳು.

ಇಂಥವನು ಹುಟ್ಟಿದ್ದು ಬೆಟಗೇರಿಯ ಕಲಾಯಿ ಮಾಡುವವರ ಮನೆಯಲ್ಲಿ! ಆಗ ಅಡುಗೆಯೆಲ್ಲ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ. ಒಳಗೆ ತವರದ ಬಿಳಿ ಲೇಪ ಇಲ್ಲದಿದ್ದರೆ ಹುಳಿ ತಗುಲಿ ಹಸಿರು ಕಿಲುಬು ಏಳುತ್ತಿತ್ತು, ಉಂಡವರ ಹೊಟ್ಟೆ ಕೆಡುತ್ತಿತ್ತು. ಆ ಲೇಪಕ್ಕೇ ಕಲಾಯಿ ಎನ್ನುವುದು. ಅಪ್ಪ ಪಾತ್ರೆಯನ್ನು ಕೆಂಡದ ಮೇಲೆ ಕಾಸಿ, ನವಸಾಗರದ ಪುಡಿ ಉದುರಿಸಿ, ತವರ ಮುಟ್ಟಿಸಿ, ಹತ್ತಿಯ ಉಂಡೆಯಿಂದ ಗರಗರ ಒರೆಸಿದರೆ ಒಳಮೈ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅದು ಬಲು ಚಂದ. ಆದರೆ ಆ ಪಾತ್ರೆಗಳು ನಮ್ಮ ಮನೆಗೆ ಬರುತ್ತಿದ್ದ ಅವತಾರ ನೋಡಬೇಕಿತ್ತು. ತಳದಲ್ಲಿ ಹಳಸಿದ ಸಾರು, ಅಂಚಿನಲ್ಲಿ ಕೂದಲು, ಹಿಡಿಕೆಯ ಸಂದಿಯಲ್ಲಿ ಯಾವ ಕಾಲದ್ದೋ ಜಿಡ್ಡು. ನವಸಾಗರದ ಬಿಳಿ ಹೊಗೆ ಕಣ್ಣು ಮೂಗು ಉರಿಸುತ್ತಿತ್ತು, ಆದರೂ ನನಗೆ ಆ ಹೊಗೆಯೇ ಇಷ್ಟ. ಅದು ಬಂದಾಗ ಉಳಿದ ವಾಸನೆಗಳು ಸಾಯುತ್ತಿದ್ದವು.

ಒಂದು ಬೇಸಿಗೆಯಲ್ಲಿ ಶಿರಹಟ್ಟಿಯ ಹಳೇ ವಾಡೆಯೊಂದರಿಂದ ಅಪ್ಪ ಮುರುಕು ಹಿತ್ತಾಳೆಯ ಒಂದು ಚೀಲ ತಂದ. ಅಂಗಳದಲ್ಲಿ ಸುರಿದಾಗ ತೂತು ಬಿದ್ದ ಚೊಂಬು, ಮೂಗು ಮುರಿದ ಗಿಂಡಿಗಳ ನಡುವೆ ಗಿಡ್ಡನೆಯ ದಪ್ಪ ಕೊಳವೆಯೊಂದು ಉರುಳಿತು. ಮೈಯೆಲ್ಲ ಹಸಿರು ಕಿಲುಬು. ಅಪ್ಪ ಎಳೆದ, ಒಳಗಿನಿಂದ ಇನ್ನೊಂದು ಕೊಳವೆ ಬಂತು, ಅದರೊಳಗಿನಿಂದ ಮತ್ತೊಂದು. ಜೊತೆಗೆ ಜಿರಲೆಯ ಮೊಟ್ಟೆಯ ಚಿಪ್ಪುಗಳೂ ಒಂದು ಒಣಗಿದ ಹಲ್ಲಿಯೂ ಉದುರಿದವು. ನಾನು ಬಾವಿಕಟ್ಟೆಯ ತನಕ ಓಡಿದೆ. "ದುರ್ಬೀನಲೇ ಇದು! ದೂರಿಂದು ಸಮೀಪ ತೋರಿಸ್ತೈತಿ" ಎಂದು ಅಪ್ಪ ಕೂಗಿದ. ಅದು ಏನನ್ನು ತೋರಿಸಿದರೂ ನಾನು ಮುಟ್ಟುವವನಲ್ಲ ಎಂದು ಅಲ್ಲಿಂದಲೇ ಹೇಳಿದೆ.

ಅಪ್ಪ ಕೈಗೆ ಸಿಕ್ಕ ತಿರುಪುಗಳನ್ನು ಬಿಚ್ಚಿ, ಗಾಜುಗಳನ್ನು ಬೇರೆ ತೆಗೆದಿಟ್ಟು, ಕೊಳವೆಗಳನ್ನು ಅಕ್ಕನ ಮುಂದೆ ಹಾಕಿದ. ನಮ್ಮ ಮನೆಯಲ್ಲಿ ಹಿತ್ತಾಳೆ ಎಂದರೆ ಹುಣಸೆಹಣ್ಣು, ಬೂದಿ. ಬೇರೆ ಯೋಚನೆಯೇ ಇಲ್ಲ. ಅಕ್ಕ ಹೊರಗೆ ತಿಕ್ಕಿದಳು, ಕಡ್ಡಿಗೆ ಅರಿವೆ ಸುತ್ತಿ ಒಳಗೂ ತಿಕ್ಕಿದಳು. ಒಳಗಿದ್ದ ಕಪ್ಪು ಬಣ್ಣವನ್ನು ಒಲೆಯ ಮಸಿ ಎಂದುಕೊಂಡು ಪೂರ್ತಿ ಕಿತ್ತು ತೆಗೆದಳು. ಅಡ್ಡಬೆಳಕು ಒಳಗೆ ಮಿನುಗಿ ಕಣ್ಣಿಗೆ ಹೊಡೆಯಬಾರದೆಂದು ಅದನ್ನು ಬೇಕಂತಲೇ ಬಳಿದಿರುತ್ತಾರೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ತೊಳೆದದ್ದನ್ನೆಲ್ಲ ಪಡಸಾಲೆಯ ಕಟ್ಟೆಯ ಮೇಲೆ, ಅಜ್ಜಿಯ ಪಕ್ಕದಲ್ಲಿ ಒಣಹಾಕಿದಳು.

ಆ ದಿನಗಳಲ್ಲೇ ಅಕ್ಕನಿಗೆ ಒಂದು ಸಂಬಂಧ ಕೂಡಿಬಂದಿತ್ತು. ಗದಗಿನ ಕಡೆ, ರೈಲು ಹಳಿಯ ಆಚೆ ಒಂದು ಖಾನಾವಳಿ. ಪ್ರಯಾಣಿಕರು, ಸಂತೆಗೆ ಬಂದವರು ದುಡ್ಡು ಕೊಟ್ಟು ರೊಟ್ಟಿ ಊಟ ಮಾಡುವ ಮನೆ ಅದು. ಅವರು ಬಂದು ಅಕ್ಕನನ್ನು ನೋಡಿ ಒಪ್ಪಿದ್ದರು. ಇನ್ನು ನಮ್ಮವರು ಹೋಗಿ ಅವರ ಮನೆ ನೋಡಬೇಕು. ಅಪ್ಪ, ಅವ್ವ ಹೊರಟರು, ನಾನೂ ಬೆನ್ನುಹತ್ತಿದೆ. ಅಕ್ಕ ಮಾತ್ರ ಹೋಗುವಂತಿರಲಿಲ್ಲ. ಹುಡುಗಿಯನ್ನು ನೋಡಲು ಹತ್ತು ಜನ ಬಂದು ಕೂರಿಸಿ, ನಿಲ್ಲಿಸಿ, ನಡೆಸಿ ನೋಡಬಹುದು. ಜೀವಮಾನವಿಡೀ ಇರಬೇಕಾದ ಮನೆಯ ಹೊಸ್ತಿಲನ್ನು ಆಕೆ ಮದುವೆಗೆ ಮೊದಲು ತುಳಿದರೆ ಮರ್ಯಾದೆ ಹೋಗುತ್ತದೆ. ಆಗಿನ ರೀತಿ ಹಾಗಿತ್ತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಲ್ಲಿ ಎಲ್ಲ ಸಾರಿಸಿ, ರಂಗೋಲಿ ಹಾಕಿ ಲಕಲಕ ಎನ್ನಿಸಿದ್ದರು. ಹುಡುಗನ ತಾಯಿ ಬಾಯಿತುಂಬ ಮಾತಾಡುವ ಹೆಂಗಸು. "ತಿನ್ನಪಾ, ನಾಚಬ್ಯಾಡ" ಎಂದು ಬುಟ್ಟಿಯಿಂದ ರೊಟ್ಟಿ ತೆಗೆದು ನನ್ನ ತಾಟಿಗೆ ಹಾಕಿದಳು. ಜೋಳದ ರೊಟ್ಟಿ, ಮುಳಗಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಾನು, ಈ ಹೇಸಿಗೆಯ ಹುಡುಗ, ಮೂರು ರೊಟ್ಟಿ ತಿಂದೆ. ಅಪ್ಪ ಸಂತೋಷದಿಂದ "ಮನಿ ಪಸಂದ ಐತ್ರಿ" ಎಂದ. ಮರುದಿನ ಸಂಜೆ ಅವರು ಸಕ್ಕರೆ ತರುವುದೆಂದು ನಿಶ್ಚಯವಾಯಿತು. ಎರಡೂ ಕಡೆಯವರು ಒಬ್ಬರ ಕೈಯ ಸಕ್ಕರೆ ಇನ್ನೊಬ್ಬರು ಬಾಯಿಗೆ ಹಾಕಿಕೊಂಡರೆ ಮುಗಿಯಿತು, ಆ ಮಾತನ್ನು ಮುರಿಯುವಂತಿಲ್ಲ.

ಮನೆಗೆ ಬಂದೊಡನೆ ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದೊಯ್ದು ಕೇಳಿದಳು, "ಮನಿ ಹೆಂಗೈತಿ?" ನಾನು ರಂಗೋಲಿ, ರೊಟ್ಟಿ, ಮೊಸರು ಎಲ್ಲ ವರ್ಣಿಸಿದೆ. "ಹಿತ್ತಲಾ ಹೆಂಗೈತಿ?" ಎಂದಳು. ಹಿತ್ತಲಿಗೆ ನಮ್ಮನ್ನು ಯಾರೂ ಕರೆದೊಯ್ದಿರಲಿಲ್ಲ. "ಮನಿ ಗುಣಾ ಹಿತ್ತಲದಾಗ ಇರತೈತಿ. ಮುಂದ ರಂಗೋಲಿ ಯಾರರ ಹಾಕ್ತಾರ" ಎಂದಳು ಅಕ್ಕ.

ಮರುದಿನ ಬೆಳಗ್ಗೆ ಅಪ್ಪ ದುರ್ಬೀನನ್ನು ಜೋಡಿಸಿದ. ಕಣ್ಣಿಗೆ ಹಿಡಿದು ಎಳೆದ, ಒತ್ತಿದ, ಮತ್ತೆ ಎಳೆದ. ಪೂರಾ ಎಳೆದರೆ ಬರೀ ಮಂಜು. ಸಾಕಷ್ಟು ಒಳಗೆ ಒತ್ತಿದರೆ ಸ್ಪಷ್ಟ ಕಾಣುತ್ತಿತ್ತು, ಆದರೆ ತಲೆಕೆಳಗು! ಬೀದಿಯ ಬೇವಿನ ಮರ ಆಕಾಶದಿಂದ ಜೋತುಬಿದ್ದಿತ್ತು, ಸೈಕಲ್ ಮೇಲೆ ಹೋಗುವವನು ತಲೆ ಕೆಳಗಾಗಿ ಹೋಗುತ್ತಿದ್ದ. "ಕೆಟ್ಟ ಹೋಗೇತಿ, ಮುರದ ಹಾಕಿದರಾತು" ಎಂದು ಅಪ್ಪ ಅದನ್ನು ಮೂಲೆಗಿಟ್ಟು ಕೆಲಸಕ್ಕೆ ಕುಳಿತ. ಅಕ್ಕ ಮೆಣಸಿನಕಾಯಿ ಒಣಹಾಕುವ ನೆಪದಲ್ಲಿ ಅದನ್ನು ಸೆರಗಿನೊಳಗೆ ಮುಚ್ಚಿಕೊಂಡು ಮಾಳಿಗೆ ಹತ್ತಿದಳು. ನಾನು ಹಿಂದೆಯೇ ಹತ್ತಿದೆ.

ನಮ್ಮ ಮಣ್ಣಿನ ಮಾಳಿಗೆಯಿಂದ ನೋಡಿದರೆ ಕಪ್ಪು ಹೊಲ, ಹೊಲದಾಚೆ ಹಳಿ, ಹಳಿಯಾಚೆ ಖಾನಾವಳಿಯ ಹಿಂದಿನ ಗೋಡೆ. ಬರಿಗಣ್ಣಿಗೆ ಹಿತ್ತಲು ಹೆಬ್ಬೆರಳ ಉಗುರಿನಷ್ಟು. ಮಧ್ಯಾಹ್ನದ ಊಟದ ಹೊತ್ತು, ಮೊದಲ ಪಂಕ್ತಿ ಎದ್ದಿರಬೇಕು. ಅಕ್ಕ ಮಾಳಿಗೆಯ ಮೋಟುಗೋಡೆಗೆ ಮೊಣಕೈ ಊರಿ ಬಹಳ ಹೊತ್ತು ನೋಡಿದಳು. ಆಮೇಲೆ ದುರ್ಬೀನನ್ನು ನನ್ನ ಕೈಗೆ ಕೊಟ್ಟಳು. ಕಣ್ಣಿಡುವ ಬಾಯಿಗೆ ಅವಳ ಕಾಡಿಗೆ ಮೆತ್ತಿತ್ತು. ಅಂಗಿಯ ತುದಿಯಿಂದ ಚೆನ್ನಾಗಿ ಒರೆಸಿಯೇ ನೋಡಿದೆ.

ಆಕಾಶದ ಕಡೆ ನೆಲ, ನೆಲದ ಕಡೆ ಆಕಾಶ. ಆ ಬಾಯಿತುಂಬ ಮಾತಿನ ಹೆಂಗಸು ತಲೆಕೆಳಗಾಗಿ ಕುಳಿತಿದ್ದಳು. ಮುಂದೆ ಉಂಡು ಬಿಟ್ಟ ತಾಟುಗಳ ರಾಶಿ. ಆಕೆ ಒಂದೊಂದು ತಾಟಿನಿಂದ ಉಳಿದ ರೊಟ್ಟಿ ಎತ್ತುತ್ತಾಳೆ. ಬಾಯಿಂದ ಉಫ್ ಎಂದು ಊದುತ್ತಾಳೆ. ಮೆತ್ತಿದ ಪಲ್ಯವನ್ನು ಸೆರಗಿನಿಂದ ಒರೆಸುತ್ತಾಳೆ. ಕಚ್ಚಿ ಮುರಿದ ಕಡೆ ಒಳಗೆ ಬರುವಂತೆ ಮಡಚಿ ಬುಟ್ಟಿಗೆ ಹಾಕುತ್ತಾಳೆ. ಎಲ್ಲ ಸಾವಕಾಶ, ದಿನಾ ಮಾಡುವ ಕೆಲಸದ ಹಾಗೆ. ತಾಟಿನ ಮೊಸರನ್ನೂ ಗಡಿಗೆಗೆ ಬಗ್ಗಿಸಿದಳು. ಆ ಬುಟ್ಟಿ ನನಗೆ ಗೊತ್ತಿತ್ತು. ನಿನ್ನೆ ನನಗೆ ಬಡಿಸಿದ್ದು ಅದೇ ಕೆಂಪಂಚಿನ ಬುಟ್ಟಿ.

ಎಂಜಲು! ಯಾವನೋ ಬೀಡಿ ಸೇದಿ ಕೆಮ್ಮಿದವನ, ಯಾವನೋ ಹಲ್ಲು ಹುಳುಕಾದವನ ಎಂಜಲು ನನ್ನ ಹೊಟ್ಟೆಯಲ್ಲಿ ರಾತ್ರಿಯೆಲ್ಲ ಮಲಗಿತ್ತು. ನಾನು ಮಾಳಿಗೆಯ ಅಂಚಿಗೆ ಬಗ್ಗಿ ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿದೆ. ಅಕ್ಕ ಬೆನ್ನು ಸವರುತ್ತ, "ನೀ ಒಂದಿನಾ ತಿಂದೀ. ನಾ ಆ ಬುಟ್ಟೀಲೆ ದಿನಾ ಮಂದಿಗೆ ಬಡಸಬೇಕಲ್ಲೋ" ಎಂದಳು.

ಕೆಳಗೆ ಬಂದು ಅಪ್ಪನಿಗೆ ಹೇಳಿದಳು. ಅಪ್ಪ ತಿದಿಯೊತ್ತುವುದನ್ನು ನಿಲ್ಲಿಸಲಿಲ್ಲ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರ. ನೀ ಕಂಡದ್ದು ತಲಿ ಕೆಳಗ, ಕಾಲು ಮ್ಯಾಲ. ಹಾಕೂದು ತಗಿಯೂದರಂಗ ಕಂಡಿದ್ದೀತು. ಹಂತಾ ಕೆಟ್ಟ ಕೊಳವಿ ಮಾತು ನಂಬಿ ಕೂಡಿ ಬಂದ ಸಂಬಂಧ ಮುರಿಯಾಕ ಬರತೈತೇನು?" ಎಂದ.

"ತಲಿಕೆಳಗ ಕಂಡರ ಎಂಜಲ ಮುಸರಿ ಹೋಗ್ತೈತೇನಪಾ? ನಿನಗ ನೆಟ್ಟಗ ಕಾಣಬೇಕಂದರ ನೆಟ್ಟಗ ಮಾಡಿ ನೋಡು" ಎಂದಳು ಅಕ್ಕ.

ಆ ಮಾತು ಅಪ್ಪನನ್ನು ಎಬ್ಬಿಸಿತು. ಕೆಲಸಗಾರನಿಗೆ ಕೆಟ್ಟ ವಸ್ತು ಎಂದರೆ ಸವಾಲು. ದುರ್ಬೀನಿನ ಮುಂದಿನ ದೊಡ್ಡ ಗಾಜನ್ನು ಬಿಚ್ಚಿ, ಕತ್ತಲೆಯ ಒಳಕೋಣೆಯ ಸುಣ್ಣದ ಗೋಡೆಯ ಮುಂದೆ ಹಿಡಿದ. ಬಾಗಿಲಿನ ಬೆಳಕು ಗಾಜು ದಾಟಿ ಗೋಡೆಯ ಮೇಲೆ ಬಿತ್ತು. ಅಲ್ಲಿ ಅಂಗೈಯಷ್ಟೂ ಇಲ್ಲದ ನಮ್ಮ ಬೀದಿ ಮೂಡಿತು, ಬೇವಿನ ಮರ, ಮೇಯುವ ಆಡು, ಎಲ್ಲ ಬಣ್ಣದಲ್ಲಿ, ಎಲ್ಲ ತಲೆಕೆಳಗಾಗಿ. ಗಾಜು ಕೆಟ್ಟಿರಲಿಲ್ಲ. ಅದರ ಸ್ವಭಾವವೇ ಅದು. ದೂರದ ಬೆಳಕನ್ನು ಹಿಡಿದು ಕೊಳವೆಯೊಳಗೆ ಒಂದು ಪುಟ್ಟ ಚಿತ್ರ ಮಾಡುತ್ತದೆ, ಆ ಚಿತ್ರ ತಲೆಕೆಳಗು. ಕಣ್ಣ ಹತ್ತಿರದ ಸಣ್ಣ ಗಾಜು ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ, ಅಷ್ಟೇ. ಹಾಗಾದರೆ ಅದನ್ನು ಮತ್ತೆ ನೆಟ್ಟಗೆ ತಿರುಗಿಸುವಂಥದ್ದು ನಡುವೆ ಇನ್ನೇನೋ ಇರಬೇಕು. ಅಪ್ಪ ಕೊಳವೆಯೊಳಗೆ ಬೆರಳಾಡಿಸಿದ. ಒಳತುದಿಯಲ್ಲಿ ತಿರುಪಿನ ಗೆರೆಗಳಿದ್ದವು, ಅದಕ್ಕೆ ಕೂಡುವ ತುಂಡು ಇರಲಿಲ್ಲ. "ಸಣ್ಣ ಕೊಳವಿ ಒಂದಿತ್ತಲೇ! ಎರಡೂ ಕಡೆ ಗಾಜಿಂದು, ಅದನ್ನ ಪೂರಾ ಬಿಚ್ಚಲಿಲ್ಲ ನಾ. ಎಲ್ಲಿ ಹೋತು?"

ಅಂಗಳ, ಬಚ್ಚಲು, ಬೂದಿಗುಂಡಿ ಎಲ್ಲ ಹುಡುಕಿದೆವು. ಆಗ ಪಡಸಾಲೆಯಲ್ಲಿ ಅಜ್ಜಿ ಸೀನಿದಳು. ನನ್ನ ಅಜ್ಜಿಗೆ ನಶ್ಯದ ಚಟ. ಮೂಗಿನಿಂದ ಮೇಲ್ತುಟಿಯ ತನಕ ಕಂದು ನೀರಿನ ಗೆರೆಯೊಂದು ಸದಾ ಇರುತ್ತಿತ್ತು. ಮುದ್ದು ಮಾಡಲು ಕರೆದರೆ ನಾನು ಕಂಬ ಸುತ್ತಿ ತಪ್ಪಿಸಿಕೊಳ್ಳುತ್ತಿದ್ದೆ. ಅವಳ ಮುಷ್ಟಿಯಲ್ಲಿ ಹಿತ್ತಾಳೆಯದೇನೋ ಮಿಂಚಿತು. ಕಟ್ಟೆಯ ಮೇಲೆ ಒಣಗುತ್ತಿದ್ದ ಆ ತುಂಡಿನ ಒಂದು ತುದಿ ತಿರುಗಿಸಿದರೆ ಬಿಚ್ಚಿಕೊಂಡಿದೆ, ಮಗ ತನಗೆಂದೇ ಹೊಸ ನಶ್ಯದ ಡಬ್ಬಿ ತಂದಿದ್ದಾನೆ ಎಂದು ಮುದುಕಿ ತಿಳಿದಿದ್ದಾಳೆ! "ಚಲೋ ಡಬ್ಬಿ ಐತಪಾ, ಕನ್ನಡಿನೂ ಐತಿ" ಎಂದು ಹೊಗಳಿದಳು. ಕೊಡಲು ಸುತಾರಾಂ ಒಪ್ಪಲಿಲ್ಲ. ಅವ್ವ ಬೇರೆ ಡಬ್ಬಿ ಕೊಟ್ಟು ಪುಸಲಾಯಿಸಿದ ಮೇಲೆ ಬಿಟ್ಟುಕೊಟ್ಟಳು.

ಗಾಜಿನ ಮೇಲೆ ನಶ್ಯವೂ ಮೂಗಿನ ನೀರೂ ಸೇರಿ ಅಂಟಾಗಿ ಕುಳಿತಿತ್ತು. ಬರೆಯುವಾಗ ಈಗಲೂ ನನಗೆ ಒಂಥರಾ ಆಗುತ್ತಿದೆ. ಅಪ್ಪ ಬಿಸಿನೀರಿನಲ್ಲಿ ತೊಳೆದು, ಮೆತ್ತನೆಯ ಹತ್ತಿಯಿಂದ ಒರೆಸಿ, ಆ ತುಂಡನ್ನು ಅದರ ಜಾಗದಲ್ಲಿ ಕೂರಿಸಿದ. ಈಗ ದುರ್ಬೀನನ್ನು ಪೂರಾ ಎಳೆದಾಗಲೇ ಸ್ಪಷ್ಟವಾಯಿತು. ಬೇವಿನ ಮರ ನೆಲದ ಮೇಲೆ ನಿಂತಿತು.

ಮಧ್ಯಾಹ್ನದ ಗಾಡಿ ಬಂದು ಖಾನಾವಳಿಯಲ್ಲಿ ಇನ್ನೊಂದು ಪಂಕ್ತಿ ಆಗುವ ಹೊತ್ತು. ಹೆಣ್ಣುಮಕ್ಕಳು ಅಂಗಳದಲ್ಲಿರುವಾಗ ಗಂಡಸು ಮಾಳಿಗೆ ಹತ್ತುವುದು ನಮ್ಮ ಓಣಿಯಲ್ಲಿ ಸಭ್ಯತನವಲ್ಲ. ಅಪ್ಪ "ಮ್ಯಾಲ ಬರಾಕತ್ತೀನ್ರೋ" ಎಂದು ಗಟ್ಟಿಯಾಗಿ ಕೂಗಿ, ತಲೆ ತಗ್ಗಿಸಿಕೊಂಡು ಹತ್ತಿದ. ನೋಡಿದ. ಥೂ ಎಂದು ಉಗುಳಿ, ಮತ್ತೆ ನೋಡಿ, ಮತ್ತೆ ಉಗುಳಿದ. "ಹೊರಗ ಬಸಪ್ಪ, ಒಳಗ ವಿಷಪ್ಪ" ಎಂದ.

ಆದರೆ ಕೆಳಗಿಳಿದ ಮೇಲೆ ತಲೆಗೆ ಕೈಹೊತ್ತು ಕುಳಿತ. "ಏನಂತ ಹೇಳಿ ಬ್ಯಾಡನ್ನಲಿ? ಮನಿ ಪಸಂದ ಐತಿ ಅಂತ ನಿನ್ನೆ ನಾನಾ ಅಂದೀನಿ. ಮಂದಿ ಹಿತ್ತಲಾ ಇಣಿಕಿ ನೋಡೀನಿ ಅಂತ ಬಾಯಿಬಿಟ್ಟು ಹೇಳಲೇನು? ಅದೂ ಹೊಲಸಾನ. ಸುಮ್ಮಸುಮ್ಮಕ ಬ್ಯಾಡಂದರ ಹುಡುಗೀಗೇ ಏನೋ ಐಬು ಐತಿ ಅಂತಾರ." ಅವ್ವ ಕಣ್ಣೊರೆಸಿಕೊಳ್ಳುತ್ತ ಒಲೆಯ ಮುಂದೆ ಹೋದಳು. ಬರುವವರಿಗೆ ಅಡುಗೆಯಂತೂ ಆಗಬೇಕಿತ್ತು. ಅಕ್ಕ ರೊಟ್ಟಿ ಬಡಿಯಲು ಕುಳಿತಳು. ಆ ದಿನ ಅವಳು ಬಡಿದ ಸದ್ದು ಓಣಿಯ ತುದಿಗೂ ಕೇಳಿಸಿರಬೇಕು.

ಸಂಜೆ ಅವರು ಬಂದರು. ಹುಡುಗ, ಅವನ ಅಪ್ಪ, ಆ ಹೆಂಗಸು. ಕೆಂಪು ಅರಿವೆಯಲ್ಲಿ ಕಟ್ಟಿದ ಸಕ್ಕರೆ, ತೆಂಗಿನಕಾಯಿ ತಂದು ದೇವರ ಮುಂದಿಟ್ಟರು. ಮೊದಲು ಊಟ, ಆಮೇಲೆ ಸಕ್ಕರೆ ಎಂದಾಯಿತು. ನಾನು ಕಂಬಕ್ಕೆ ಒರಗಿ ಆ ಹೆಂಗಸಿನ ಕೈಗಳನ್ನೇ ನೋಡುತ್ತಿದ್ದೆ. ಬಳೆ ತುಂಬಿದ, ತೊಳೆದ, ಚಂದದ ಕೈಗಳು. ಅವೇ ಕೈಗಳು. ಆಕೆ ಉಂಡು, ದೊಡ್ಡಸ್ತಿಕೆಗೆ ಎಂಬಂತೆ ಅರ್ಧ ಕಚ್ಚಿದ ರೊಟ್ಟಿಯನ್ನು ತಾಟಿನಲ್ಲಿ ಬಿಟ್ಟು, "ಹೊಟ್ಟಿ ತುಂಬೇತ್ರಿ" ಎಂದಳು. ಹುಡುಗನೂ ಸ್ವಲ್ಪ ಬಿಟ್ಟ. ಅಪ್ಪ ನೆಲ ನೋಡುತ್ತ ಕುಳಿತಿದ್ದ. ಬೆವರು ಅವನ ಕಿವಿಯ ಹಿಂದಿನಿಂದ ಇಳಿಯುತ್ತಿತ್ತು.

ಆಗ ಒಳಗಿನಿಂದ ಅಕ್ಕ ಬುಟ್ಟಿ ಹಿಡಿದು ಬಂದಳು. ಮದುವೆಯ ಮಾತಿನ ದಿನ ಹುಡುಗಿ ತಾನಾಗಿ ಹೊರಗೆ ಬರುವುದಿಲ್ಲ. ಅವ್ವ ಗಾಬರಿಯಾದಳು. ಅಕ್ಕ ಆ ಹೆಂಗಸಿನ ಮುಂದೆ ಕುಳಿತಳು. ತಾಟಿನಲ್ಲಿದ್ದ ಅರ್ಧ ರೊಟ್ಟಿ ಎತ್ತಿದಳು. ಉಫ್ ಎಂದು ಊದಿದಳು. ಮೆತ್ತಿದ ಪಲ್ಯವನ್ನು ಸೆರಗಿನ ತುದಿಯಿಂದ ಒರೆಸಿದಳು. ಕಚ್ಚಿದ ಕಡೆ ಒಳಗೆ ಬರುವಂತೆ ಮಡಚಿ ಬುಟ್ಟಿಗೆ ಹಾಕಿದಳು. ಹುಡುಗನ ತಾಟಿನದನ್ನೂ ಹಾಗೆಯೇ ಮಾಡಿದಳು. ಎಲ್ಲ ಸಾವಕಾಶ, ಏನೂ ಆಗಿಲ್ಲ ಎನ್ನುವ ಹಾಗೆ. ಆಮೇಲೆ ಬುಟ್ಟಿಯನ್ನು ಮುಂದೆ ಚಾಚಿ ನಯವಾಗಿ ಕೇಳಿದಳು, "ಇನ್ನೊಂದು ಹಾಕಲ್ಯಾರಿ?"

ಹುಡುಗನ ಅಪ್ಪ ಮಾತಿನ ಗುಂಗಿನಲ್ಲಿ ಇದನ್ನು ಗಮನಿಸಿರಲಿಲ್ಲ. "ಹಾಕವಾ, ನಿನ್ನ ಕೈಯಾಂದು ಒಂದು ತಿಂತೀನಿ" ಎಂದು ತಾಟು ಚಾಚಿದ. ಅಕ್ಕ ಮಡಚಿದ ರೊಟ್ಟಿ ಎತ್ತಿದಳು. ಆ ಹೆಂಗಸು ಛಂಗನೆ ಗಂಡನ ಮುಂಗೈ ಹಿಡಿದಳು.

"ಬ್ಯಾಡ್ರಿ! ಎಂಜಲದ್ದು ಅದು!"

"ಹೌದ್ರಿ?" ಎಂದಳು ಅಕ್ಕ.

ಅಷ್ಟೇ. ಹೆಂಗಸಿನ ಮುಖದ ಬಣ್ಣ ಇಳಿಯಿತು. ಅಕ್ಕನ ಮುಖ ನೋಡಿದಳು, ಬುಟ್ಟಿ ನೋಡಿದಳು, ಮತ್ತೆ ಅಕ್ಕನ ಮುಖ ನೋಡಿದಳು. ಹುಡುಗ ತಲೆ ತಗ್ಗಿಸಿದ, ಅವನಿಗೂ ಗೊತ್ತಿತ್ತು ಎಂಬುದು ನನಗೆ ಆ ಚಿಕ್ಕ ವಯಸ್ಸಿನಲ್ಲೂ ತಿಳಿಯಿತು. ಅವನ ಅಪ್ಪ ಒಬ್ಬನೇ "ಏನಾತು, ಏನಾತು?" ಎನ್ನುತ್ತಿದ್ದ. ನಮ್ಮ ಅಪ್ಪ ಎದ್ದ. ದೇವರ ಮುಂದಿದ್ದ ಸಕ್ಕರೆಯ ಗಂಟನ್ನು ಬಿಚ್ಚದೆಯೇ ತಂದು ತೆಂಗಿನಕಾಯಿಯ ಸಮೇತ ಆ ಹೆಂಗಸಿನ ಉಡಿಯಲ್ಲಿಟ್ಟು ಕೈಮುಗಿದ. "ಹೊತ್ತಾಗೇತ್ರಿ. ಹುಷಾರಲೇ ಹೋಗ್ರಿ" ಎಂದ. ಅವರು ಹೋದ ಮೇಲೆ ಅಕ್ಕ ಬುಟ್ಟಿಯಲ್ಲಿದ್ದದ್ದನ್ನೆಲ್ಲ ಎಮ್ಮೆಗೆ ಹಾಕಿ, ಬುಟ್ಟಿಯನ್ನು ಒಲೆಗೆ ತುರುಕಿದಳು. ಅದು ಉರಿಯುವುದನ್ನು ನೋಡಿ ನನ್ನ ಹೊಟ್ಟೆ ಆ ದಿನ ಮೊದಲ ಸಲ ತಣ್ಣಗಾಯಿತು.

ಓಣಿಯವರು ಒಂದಷ್ಟು ದಿನ ಅಕ್ಕನನ್ನು ಉರಿಮಾರಿ ಎಂದರು. ವರ್ಷದ ಮೇಲೆ ಮುಂಡರಗಿಯ ಕಡೆಯಿಂದ ಬೇರೊಂದು ಸಂಬಂಧ ಬಂತು. ಅಪ್ಪ "ಮನಿ ನೋಡಾಕ ಹುಡುಗೀನ ಬರತಾಳ್ರಿ" ಎಂದು ಖಡಾಖಂಡಿತ ಹೇಳಿದ. ನೆಂಟರು ಮೂಗಿನ ಮೇಲೆ ಬೆರಳಿಟ್ಟರು. ಅಕ್ಕ ಹೋದಳು. ಪಡಸಾಲೆಯಲ್ಲಿ ಹಾಸಿದ ಕಂಬಳಿಯ ಮೇಲೆ ಕೂರದೆ ನೇರವಾಗಿ ಹಿತ್ತಲಿಗೆ ನಡೆದಳು, ನೋಡಿ ಬಂದು ಕುಳಿತಳು, ಒಪ್ಪಿದಳು. ದುರ್ಬೀನಿನಲ್ಲಿ ನಾನು ಮುಂದೆ ಚಂದ್ರನನ್ನೂ ಕಪ್ಪತಗುಡ್ಡವನ್ನೂ ನೋಡುತ್ತ ಬೆಳೆದೆ. ಯಾರ ಮನೆಯ ಕಡೆಗಾದರೂ ತಿರುಗಿಸಿದರೆ ಅಪ್ಪ ಕಿವಿ ಹಿಂಡುತ್ತಿದ್ದ.

ನಿಮ್ಮ ಕಾಲ ಬೇರೆ. ನಿಮ್ಮಲ್ಲಿ ಹುಡುಗಿಯರು ಎಲ್ಲಿ ಬೇಕಾದರೂ ಹೋಗಿ, ಏನು ಬೇಕಾದರೂ ಕೇಳಿ ಬರುತ್ತಾರೆ, ಅದನ್ನು ಕಂಡರೆ ನನಗೆ ಹಿಗ್ಗು. ದೂರದ್ದನ್ನು ನೋಡಲು ನಿಮಗೆ ಕೊಳವೆಯೂ ಬೇಡ, ತಿರುಪೂ ಬೇಡ. ಫೋನಿನ ಮೇಲೆ ಎರಡು ಬೆರಳು ಅಗಲಿಸಿದರೆ ಸಾಕು, ಎಲ್ಲ ನೆಟ್ಟಗೆ, ಎಲ್ಲ ಬಣ್ಣಬಣ್ಣ. ಮೊನ್ನೆ ರಾತ್ರಿ ನೀವು ಯಾವುದೋ ಹೋಟೆಲಿನ ಊಟ ತರಿಸುವಾಗ ಅದರ ಫೋಟೋ ನನ್ನ ಮುಂದೆ ಹಿಡಿದು "ಎಷ್ಟು ಸ್ವಚ್ಛ ಐತಿ ನೋಡಜ್ಜಾ" ಎಂದಿರಿ. ನಾನು ಬೆರಳು ಅಗಲಿಸಿ ಅಗಲಿಸಿ ನೋಡಿದೆ. ರೊಟ್ಟಿ ದೊಡ್ಡದಾಯಿತು, ರೊಟ್ಟಿಯ ಮೇಲಿನ ಎಳ್ಳು ದೊಡ್ಡದಾಯಿತು. ನೀವು ಡಬ್ಬಿ ಬಿಚ್ಚಿ ಚಪ್ಪರಿಸಿ ತಿಂದಿರಿ. ನಾನು ಮಜ್ಜಿಗೆ ಅನ್ನ ಉಂಡೆ.

ಮರುದಿನ ಮುಂಡರಗಿಯಿಂದ ಅಕ್ಕನ ಫೋನು ಬಂದಾಗ ಇದನ್ನೆಲ್ಲ ಹೇಳಿದೆ. ಅಕ್ಕನಿಗೆ ಈಗ ಕಣ್ಣು ಮಂಜು, ಕಿವಿ ಮಂದ. ಎರಡು ಸಲ ಹೇಳಬೇಕಾಯಿತು. ಆಮೇಲೆ ಕೇಳಿದಳು:

"ಆ ಫೋನಿನ್ಯಾಗ ಹಿತ್ತಲಾ ಕಾಣತೈತೇನು?"

"ಇಲ್ಲಕ್ಕಾ."

"ಹಂಗಾರ ಮಜ್ಜಿಗಿ ಅನ್ನಾನ ಚಲೋ" ಎಂದು ಫೋನು ಇಟ್ಟಳು.